ಮುಂಬೈ ಕನ್ನಡಿಗರ ತಲೆ ಯಾವ ರಾಜ್ಯದ ಸೀಟಿಗೆ ಲೆಕ್ಕ?

ಗೋರೆಗಾಂವ್ ಗಿರಾಕಿ:
ಒಂದು ವಿಷಯ ಕೆಲವು ದಿನದಿಂದ ತಲೆ ತಿನ್ನುತ್ತಿದೆ. ಗೊತ್ತಿದ್ದವರು ಹೇಳಿ.

ಲೋಕಸಭೆಯಲ್ಲಿ ಕರ್ನಾಟಕಕ್ಕೆ 28 ಸೀಟು, ಮಹಾರಾಷ್ಟ್ರಕ್ಕೆ 48. ಈಗಿನ ಜನಸಂಖ್ಯೆ ನೋಡಿ ಸೀಟು ಮತ್ತೆ ಹಂಚಿದರೆ ದಕ್ಷಿಣದವರಿಗೆ ನಷ್ಟ ಅಂತ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಗಲಾಟೆ. ನಾನೂ ಜೋರಾಗಿಯೇ ಬೊಬ್ಬೆ ಹೊಡೆಯುತ್ತಿದ್ದೆ. ಮಗಳು ಒಂದೇ ಮಾತು ಕೇಳಿದಳು: "ಪಪ್ಪಾ, ಜನಗಣತಿಯವರು ನಮ್ಮನ್ನು ಎಣಿಸುವುದು ಇಲ್ಲಿ ಅಲ್ವಾ? ಮತ್ತೆ ನೀವು ಯಾರ ಪರವಾಗಿ ಕೂಗುತ್ತಿದ್ದೀರಿ?"

ನಮ್ಮ ಅಪ್ಪ ಬ್ರಹ್ಮಾವರದಿಂದ ಬಂದು ಇಲ್ಲಿ ಕ್ಯಾಂಟೀನಿಗೆ ಸೇರಿದವರು. ನಾವು ಅಣ್ಣತಮ್ಮಂದಿರು, ನಮ್ಮ ಮಕ್ಕಳು ಎಲ್ಲರೂ ಮಹಾರಾಷ್ಟ್ರದ ಲೆಕ್ಕದಲ್ಲೇ ಇದ್ದೇವೆ. ಕರಾವಳಿಯಿಂದ ಇಷ್ಟು ಜನ ಹೊರಗೆ ಹೋಗದಿದ್ದರೆ ಕರ್ನಾಟಕದ ಜನಸಂಖ್ಯೆ ಜಾಸ್ತಿ ಇರುತ್ತಿತ್ತು ಅಲ್ವಾ? ಆದರೆ ನನ್ನ ವೋಟರ್ ಐಡಿ ಮಾತ್ರ ಇನ್ನೂ ಊರಲ್ಲೇ ಇದೆ. ತಲೆ ಇಲ್ಲಿ, ವೋಟು ಅಲ್ಲಿ. ಇದು ಸರಿಯಾ? ಇನ್ನೊಂದು ಬೇಜಾರು ಅಂದ್ರೆ, ಇಷ್ಟು ಜನ ನಾವಿದ್ದೂ ಮುಂಬೈಯ ಆರು ಎಂಪಿಗಳಲ್ಲಿ ನಮ್ಮವರು ಅನ್ನುವವರು ಯಾರೂ ಇಲ್ಲ.

ಸಾಕಿನಾಕಾ ಶೆಟ್ರು:
ಈಗ ಇಲ್ಲ ಅನ್ನಿ, ಒಪ್ಪುತ್ತೇನೆ. ಗೋಪಾಲ ಶೆಟ್ಟಿಯವರನ್ನು ಇಷ್ಟು ಬೇಗ ಮರೆತಿರಾ? 2014 ಮತ್ತು 2019, ಎರಡೂ ಸಲ ಉತ್ತರ ಮುಂಬೈಯಿಂದ 4 ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದವರು. 2024ರಲ್ಲಿ ಆ ಟಿಕೆಟ್ ಪೀಯೂಷ್ ಗೋಯಲ್ ಅವರಿಗೆ ಹೋಯಿತು.

ಚೆಂಬೂರು ಮಾಮ:
ಅದಕ್ಕೂ ಹಿಂದೆ ಹೋಗಿ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಊರು ಬಿಟ್ಟು ಬಂದು ಚೌಪಾಟಿಯಲ್ಲಿ ಮಲಗಿದ ಹುಡುಗ. ಟ್ಯಾಕ್ಸಿಯವರ ಯೂನಿಯನ್ ಕಟ್ಟಿ, 1967ರಲ್ಲಿ ದಕ್ಷಿಣ ಬೊಂಬಾಯಿಯಲ್ಲಿ ಎಸ್.ಕೆ. ಪಾಟೀಲರನ್ನೇ ಸೋಲಿಸಿದರು. ಪಾಟೀಲರು ಅಂದರೆ ಆಗ ಈ ಊರಿನ ದೊರೆ ಇದ್ದ ಹಾಗೆ. ಕೇಂದ್ರ ಮಂತ್ರಿ ಬೇರೆ. ಆಮೇಲೆ ಇದೇ ಜಾರ್ಜ್ 1977ರಲ್ಲಿ ಜೈಲಿನಲ್ಲಿ ಇದ್ದುಕೊಂಡೇ ಬಿಹಾರದ ಮುಜಫರ್‌ಪುರದಿಂದ ಗೆದ್ದರು.

ಹಾಗೆ ನೋಡಿದರೆ ಬೊಂಬಾಯಿ ಹೊರಗಿನವರನ್ನು ಗೆಲ್ಲಿಸಿದ ಊರೇ. ಕೇರಳದ ಕೃಷ್ಣ ಮೆನನ್ 1957 ಮತ್ತು 1962ರಲ್ಲಿ ಉತ್ತರ ಬೊಂಬಾಯಿಯಿಂದ ಗೆದ್ದಿದ್ದರು. ಆದರೆ ಅಂಬೇಡ್ಕರರನ್ನು ಸೋಲಿಸಿದ್ದೂ ಇದೇ ಊರು. 1952ರಲ್ಲಿ ಬೊಂಬಾಯಿ ನಗರ ಉತ್ತರದಲ್ಲಿ ಕಾಜ್ರೋಳ್ಕರ್ ಅನ್ನುವವರ ಎದುರು ಸುಮಾರು 15 ಸಾವಿರ ಮತಗಳಿಂದ ಸೋತರು. ಅದೇ ವರ್ಷ ಬೊಂಬಾಯಿ ರಾಜ್ಯದಿಂದಲೇ ರಾಜ್ಯಸಭೆಗೆ ಹೋದರು. ಆ ಕ್ಷೇತ್ರಕ್ಕೆ ಇಬ್ಬರು ಎಂಪಿಗಳು ಇದ್ದರು, ಗೊತ್ತಾ? ಒಂದು ಸಾಮಾನ್ಯ ಸೀಟು, ಒಂದು ಮೀಸಲು. ಅಂಥ ಜೋಡಿ ಕ್ಷೇತ್ರಗಳನ್ನು 1961ರಲ್ಲಿ ತೆಗೆದುಹಾಕಿದರು.

ಡೊಂಬಿವಲಿ ಫಾಸ್ಟ್:
ಮಾಮ ಶುರು ಮಾಡಿದರೆ 1952ಕ್ಕಿಂತ ಈಚೆ ಬರುವುದು ಕಷ್ಟ 😀

ಚೆಂಬೂರು ಮಾಮ:
ನೀನು ಈಚೆಗೆ ಬಾ, ಯಾರು ಬೇಡ ಅಂದರು.

ಲೆಕ್ಕದ ಮೇಷ್ಟ್ರು:
ಮೂಲ ಪ್ರಶ್ನೆಗೆ ಬರೋಣ. ಗಿರಾಕಿಯವರ ಮಗಳು ಹೇಳಿದ್ದು ಸರಿ. ಜನಗಣತಿಯಲ್ಲಿ ನೀವು ಎಲ್ಲಿ ವಾಸ ಇದ್ದೀರೋ ಅಲ್ಲೇ ಲೆಕ್ಕ. ಮನೆಮಾತು, ಹುಟ್ಟಿದ ಊರು ಎಲ್ಲ ಕೇಳಿ ಬರೆದುಕೊಳ್ಳುತ್ತಾರೆ. ಆದರೆ ಸೀಟಿನ ಲೆಕ್ಕಕ್ಕೆ ಅದು ಯಾವುದೂ ಬರುವುದಿಲ್ಲ.

2011ರ ಅಂಕಿ ಹಿಡಿದು ಕಚ್ಚಾ ಲೆಕ್ಕ ಮಾಡಿ. ದೇಶದಲ್ಲಿ 121 ಕೋಟಿ ಜನ, 543 ಸೀಟು. ಅಂದರೆ ಸುಮಾರು 22.3 ಲಕ್ಷ ಜನಕ್ಕೆ ಒಬ್ಬ ಎಂಪಿ. ಕರ್ನಾಟಕದಲ್ಲಿ 6.11 ಕೋಟಿ, ಭಾಗಿಸಿದರೆ 27.4 ಸೀಟು. ಈಗ ಇರುವುದು 28. ಮಹಾರಾಷ್ಟ್ರ 11.24 ಕೋಟಿ, 50.4 ಬರುತ್ತದೆ. ಈಗ 48. ಅಂದರೆ ಕರ್ನಾಟಕದ ನಷ್ಟ ವಾಟ್ಸಾಪಿನಲ್ಲಿ ಕೂಗುವಷ್ಟು ಇಲ್ಲ. ನಿಜವಾಗಿ ಪೆಟ್ಟು ಬೀಳುವುದು ಕೇರಳಕ್ಕೆ, 20 ಇದ್ದದ್ದು 15. ತಮಿಳುನಾಡಿಗೆ 39 ಇದ್ದದ್ದು 32. ಉತ್ತರ ಪ್ರದೇಶ 80ರಿಂದ 90ರ ಹತ್ತಿರ ಹೋಗುತ್ತದೆ, ಬಿಹಾರ 40ರಿಂದ 47ರ ಹತ್ತಿರ. ಇದು 2011ರ ಜನಸಂಖ್ಯೆಗೆ ಮಾತ್ರ, ಹೊಸ ಎಣಿಕೆಯಲ್ಲಿ ಅಂತರ ಇನ್ನೂ ಹಿಗ್ಗಬಹುದು.

ಕೊತ್ರೂಡ್ ಕನ್ನಡತಿ:
ಮೇಷ್ಟ್ರೆ, ಆದರೆ 2008ರಲ್ಲಿ ಒಂದು ಸಲ ಕ್ಷೇತ್ರ ಬದಲಾಯಿಸಿದರಲ್ಲ? ಆಗಲೇ 2001ರ ಜನಸಂಖ್ಯೆ ತಗೊಂಡು ಮಾಡಿಯಾಗಿದೆ. ಮತ್ತೆ ಹಳೇ ಲೆಕ್ಕ ಅಂತ ಯಾಕೆ ಹೇಳುತ್ತಾರೆ?

ಲೆಕ್ಕದ ಮೇಷ್ಟ್ರು:
ಇಲ್ಲೇ ಎಲ್ಲರಿಗೂ ಗೊಂದಲ. 2008ರಲ್ಲಿ ಬದಲಾದದ್ದು ರಾಜ್ಯದ ಒಳಗಿನ ಗಡಿ ಮಾತ್ರ. ಯಾವ ತಾಲೂಕು ಯಾವ ಕ್ಷೇತ್ರಕ್ಕೆ, ಯಾವ ಕ್ಷೇತ್ರ ಮೀಸಲು, ಅಷ್ಟೇ. ಅದಕ್ಕೆ 2001ರ ಜನಗಣತಿ. ಆದರೆ ಯಾವ ರಾಜ್ಯಕ್ಕೆ ಎಷ್ಟು ಸೀಟು ಅನ್ನುವುದು 1971ರ ಜನಗಣತಿಯ ಮೇಲೇ ನಿಂತಿದೆ. 1976ರಲ್ಲಿ ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ ಅದಕ್ಕೆ ಬೀಗ ಹಾಕಿತು. ಜನಸಂಖ್ಯೆ ನಿಯಂತ್ರಣ ಮಾಡಿದ ರಾಜ್ಯಕ್ಕೆ ಅನ್ಯಾಯ ಆಗಬಾರದು ಅಂತ ಕಾರಣ. 2001ರ 84ನೇ ತಿದ್ದುಪಡಿ ಆ ಬೀಗವನ್ನು ಮುಂದುವರಿಸಿತು, 2026ರ ನಂತರದ ಮೊದಲ ಜನಗಣತಿಯ ತನಕ. ಈ ಜನಗಣತಿಗೆ ಗೊತ್ತು ಮಾಡಿದ ದಿನ 2027ರ ಮಾರ್ಚ್ 1. ಇಷ್ಟು ಗಲಾಟೆ ಏಕೆ ಅಂತ ಈಗ ಗೊತ್ತಾಯಿತಲ್ಲ.

1971ರಲ್ಲಿ ಹತ್ತು ಲಕ್ಷ ಜನಕ್ಕೆ ಒಬ್ಬ ಎಂಪಿ ಇದ್ದರು. ಈಗ ಅದೇ ಒಬ್ಬರು ಇಪ್ಪತ್ತು ಲಕ್ಷಕ್ಕಿಂತ ಜಾಸ್ತಿ ಜನರನ್ನು ನೋಡಿಕೊಳ್ಳಬೇಕು.

ನಾಲಾಸೋಪಾರಾ ಲೋಕಲ್:
ನೋಡಿಕೊಳ್ಳುವುದು ಅಂತ ಒಂದು ಇದೆಯಾ? ಹೊಸ ಸುದ್ದಿ.

ಮಾಟುಂಗಾ ಮಾಣಿ:
ಸೀಟು ಕಳೆಯದೆ ಒಟ್ಟು ಸಂಖ್ಯೆಯನ್ನೇ ಜಾಸ್ತಿ ಮಾಡಿದರೆ ಆಯಿತಲ್ಲ. ಹೊಸ ಸಂಸತ್ ಭವನದ ಲೋಕಸಭೆಯಲ್ಲಿ 888 ಜನ ಕೂರುವಷ್ಟು ಜಾಗ ಮಾಡಿದ್ದಾರೆ. ರಾಜ್ಯಸಭೆಯಲ್ಲಿ 384. ಬೆಂಚು ಮೊದಲೇ ಹಾಕಿ ಆಗಿದೆ, ಗಿರಾಕಿ ಬರುವುದು ಬಾಕಿ.

ಸಾಕಿನಾಕಾ ಶೆಟ್ರು:
ಬೆಂಚು ಹಾಕಿದರೆ ಸಾಕಾ ಮಾರಾಯ್ರೆ? ಎಲ್ಲರಿಗೂ ಮಾತಾಡಲು ಸಮಯ ಎಲ್ಲಿಂದ ಬರುತ್ತದೆ? ಈಗಲೇ ಶೂನ್ಯ ವೇಳೆಯಲ್ಲಿ ಎದ್ದು ನಿಂತವರ ಮೈಕ್ ಎರಡು ಮಾತಾಡುವುದರೊಳಗೆ ಬಂದ್ ಆಗುತ್ತದೆ.

ಲೆಕ್ಕದ ಮೇಷ್ಟ್ರು:
ಮಾಣಿಯವರೆ, ಸಂಖ್ಯೆ ಜಾಸ್ತಿ ಮಾಡಿದರೂ ಪಾಲು ಮುಖ್ಯ. 28ರಿಂದ 41 ಆದರೂ ಪಕ್ಕದವರು 80ರಿಂದ 134 ಆದರೆ ನಿಮ್ಮ ಮಾತಿಗೆ ತೂಕ ಇಳಿಯುತ್ತದೆ. (ಈ ಅಂಕಿ ಸುಮ್ನೆ ಉದಾಹರಣೆಗೆ, ಎಲ್ಲಿಯೂ ಫಾರ್ವರ್ಡ್ ಮಾಡಬೇಡಿ.) ಸಂಖ್ಯೆ ಹಿಂದೆಯೂ ಏರಿದೆ. 1952ರಲ್ಲಿ ಚುನಾಯಿತರು 489, 1977ಕ್ಕೆ 542. ಕೊನೆಯ ಒಂದು ಸೀಟು ಸೇರಿದ್ದು 1987ರಲ್ಲಿ ಗೋವಾ ರಾಜ್ಯವಾದಾಗ. ದಮನ್-ದೀವ್ ಬೇರೆಯಾಗಿ ಅದಕ್ಕೊಂದು ಸೀಟು ಬಂತು. ಅಲ್ಲಿಗೆ 543.

ಡೊಂಬಿವಲಿ ಫಾಸ್ಟ್:
545 ಅಲ್ವಾ? ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಬಾಯಿಪಾಠ ಮಾಡಿಸಿದ್ದರು.

ಚೆಂಬೂರು ಮಾಮ:
ಅದು ಇಬ್ಬರು ಆಂಗ್ಲೋ ಇಂಡಿಯನ್ ನಾಮಕರಣ ಸದಸ್ಯರನ್ನು ಸೇರಿಸಿದ ಲೆಕ್ಕ. 104ನೇ ತಿದ್ದುಪಡಿ ಬಂದ ಮೇಲೆ, 2020ರ ಜನವರಿಯಿಂದ ಆ ನಾಮಕರಣ ನಿಂತಿತು. ರಾಜ್ಯಸಭೆಗೆ ರಾಷ್ಟ್ರಪತಿ ನೇಮಿಸುವ 12 ಜನ ಈಗಲೂ ಇದ್ದಾರೆ. ನಮ್ಮ ಕಡೆಯಿಂದ ವೀರೇಂದ್ರ ಹೆಗ್ಗಡೆಯವರು 2022ರಲ್ಲಿ, ಸುಧಾ ಮೂರ್ತಿಯವರು 2024ರಲ್ಲಿ ಹಾಗೆ ಹೋದವರು.

ವಾಸ್ಕೋ ವಾಸಿ:
ಗೋವಾದ ಹೆಸರು ಬಂದದ್ದಕ್ಕೆ ಬಾಯಿ ಹಾಕುತ್ತೇನೆ. ನಾನು ಮೂಲ ಬಾಗಲಕೋಟೆ, ಈಗ ವಾಸ್ಕೋ. ಇಲ್ಲಿ ಎರಡು ಸೀಟು, ಉತ್ತರ ಗೋವಾ ಮತ್ತು ದಕ್ಷಿಣ ಗೋವಾ. 2011ರಲ್ಲಿ ಜನ 14.58 ಲಕ್ಷ. ಅಂದರೆ 7.3 ಲಕ್ಷಕ್ಕೆ ಒಬ್ಬ ಎಂಪಿ. ಮುಂಬೈಯಲ್ಲಿ 1.24 ಕೋಟಿ ಜನಕ್ಕೆ ಆರು ಎಂಪಿ, ಸುಮಾರು 20.7 ಲಕ್ಷಕ್ಕೆ ಒಬ್ಬರು. ನಿಮ್ಮ ಮೂರು ವೋಟು, ನನ್ನ ಒಂದು ವೋಟು. ಸಮ ಸಮ.

ಮಾಟುಂಗಾ ಮಾಣಿ:
ಇದು ಅನ್ಯಾಯ! ಜನಸಂಖ್ಯೆಗೆ ತಕ್ಕಂತೆ ಅಂತ ಸಂವಿಧಾನದಲ್ಲೇ ಇದೆಯಲ್ಲ.

ಲೆಕ್ಕದ ಮೇಷ್ಟ್ರು:
81ನೇ ವಿಧಿಯಲ್ಲೇ ವಿನಾಯಿತಿಯೂ ಇದೆ. 60 ಲಕ್ಷ ಮೀರದ ಜನಸಂಖ್ಯೆಯ ರಾಜ್ಯಗಳಿಗೆ ಆ ಅನುಪಾತ ಅನ್ವಯಿಸುವುದಿಲ್ಲ. ಇಲ್ಲದಿದ್ದರೆ ಗೋವಾಕ್ಕೆ ಒಂದು ಪೂರ್ತಿ ಸೀಟೂ ಸಿಗುತ್ತಿರಲಿಲ್ಲ.

ವಾಸ್ಕೋ ವಾಸಿ:
ಅಷ್ಟು ತೂಕ ಇದ್ದರೂ ನಮ್ಮ ಕೇರಿಗೆ ಎಂಪಿ ಚುನಾವಣೆಗೆ ಯಾರೂ ಬರುವುದಿಲ್ಲ. ಬಂದರೆ ಎಂಎಲ್ಎ ಚುನಾವಣೆಗೆ. ಆಗ ಕರ್ನಾಟಕದಿಂದ ಮುಖಂಡರನ್ನು ಕರೆಸಿ ಕನ್ನಡದಲ್ಲಿ ಭಾಷಣ ಮಾಡಿಸುತ್ತಾರೆ. ಮುಗಿದ ಮೇಲೆ ನಾವು ಮತ್ತೆ "ಘಾಟಿ"ಗಳು, ಅಂದರೆ ಘಟ್ಟದ ಆಚೆಯಿಂದ ಬಂದವರು. 2024ರಲ್ಲಿ ದಕ್ಷಿಣ ಗೋವಾದಲ್ಲಿ ಗೆಲುವಿನ ಅಂತರ 13 ಸಾವಿರ ಚಿಲ್ಲರೆ. ವಾಸ್ಕೋ, ಮಡಗಾಂವ್ ಕಡೆಯ ಕನ್ನಡಿಗರು ಒಟ್ಟಾಗಿ ನಿಂತರೆ ಆ ಕಡೆ ಈ ಕಡೆ ಮಾಡುವಷ್ಟು ಮಾತು ಅದು. ನಮ್ಮವರೋ ಮೇ ತಿಂಗಳು ಬಂತು ಅಂದರೆ ಜಾತ್ರೆ, ಮದುವೆ ಅಂತ ಊರಿಗೆ ಹೋಗಿರುತ್ತಾರೆ.

ಚೆಂಬೂರು ಮಾಮ:
ಗೋವಾ ಬಿಡುಗಡೆಗೆ 1955ರಲ್ಲಿ ಸತ್ಯಾಗ್ರಹದ ತಂಡ ಕಟ್ಟಿಕೊಂಡು ಹೋಗಿ ಪೋರ್ಚುಗೀಸರ ಜೈಲು ಕಂಡ ಜಗನ್ನಾಥರಾವ್ ಜೋಶಿ ನಮ್ಮ ನರಗುಂದದವರು. ಅವರನ್ನು ಲೋಕಸಭೆಗೆ ಕಳಿಸಿದ್ದು ಯಾರು? ಗೋವಾ ಅಲ್ಲ, ಕರ್ನಾಟಕವೂ ಅಲ್ಲ. ಮಧ್ಯಪ್ರದೇಶ! 1967ರಲ್ಲಿ ಭೋಪಾಲ, 1971ರಲ್ಲಿ ಶಾಜಾಪುರ.

ಅಕ್ಕಲಕೋಟೆ ಹುಡುಗ:
ಮಾಮಾ, ನೀವು ಮುಂಬೈ ಗೋವಾ ಎಲ್ಲ ಹೇಳಿದಿರಿ, ನಮ್ಮನ್ನು ಬಿಟ್ಟಿರಿ ನೋಡ್ರಿ. ಮಹಾರಾಷ್ಟ್ರದಲ್ಲಿ ವಲಸೆ ಬರದೆಯೂ ಕನ್ನಡ ಮಾತಾಡುವವರು ನಾವಿದ್ದೇವೆ. ಸೊಲ್ಲಾಪುರ ಕ್ಷೇತ್ರದಿಂದ 2019ರಲ್ಲಿ ನಮ್ಮ ತಾಲೂಕಿನ ಗೌಡಗಾಂವ ಮಠದ ಜಯಸಿದ್ಧೇಶ್ವರ ಸ್ವಾಮಿಗಳು ಎಂಪಿ ಆದರು. ಎದುರಿಗೆ ಸುಶೀಲಕುಮಾರ್ ಶಿಂದೆ, ಪ್ರಕಾಶ್ ಅಂಬೇಡ್ಕರ್ ಇಬ್ಬರೂ ಇದ್ದರು. 2024ರಲ್ಲಿ ಶಿಂದೆಯವರ ಮಗಳು ಪ್ರಣಿತಿ ಗೆದ್ದರು. ಇಲ್ಲಿ ವೋಟು ಕೇಳಲು ಬಂದವರಿಗೆ ಕನ್ನಡ ಬರದಿದ್ದರೆ ಜೊತೆಗೆ ಕನ್ನಡ ಬರುವವನನ್ನು ಕರೆದುಕೊಂಡೇ ಬರುತ್ತಾರೆ. ಹಳ್ಳಿಯಲ್ಲಿ ಮರಾಠಿ ಭಾಷಣ ಕೇಳಲು ಯಾರು ಕೂರುತ್ತಾರ್ರೀ. ನಾನೀಗ ಪರೇಲ್‌ನಲ್ಲಿ ಇದ್ದೇನೆ. ವೋಟು ಮಾತ್ರ ಅಕ್ಕಲಕೋಟೆಯಲ್ಲೇ, ತೆಗೆಯುವ ವಿಚಾರ ಇಲ್ಲ.

ಸಾಕಿನಾಕಾ ಶೆಟ್ರು:
ಯಾಕೆ ತೆಗೆಯಬೇಕು? ನಾನೂ ತೆಗೆದಿಲ್ಲ. ಊರಲ್ಲಿ ಜಾಗ ಇದೆ, ಮನೆ ಇದೆ, ದೈವದ ಸ್ಥಾನ ಇದೆ, ಅಮ್ಮ ಇದ್ದಾರೆ. ಆರ್‌ಟಿಸಿ ಸರಿ ಮಾಡಿಸಬೇಕಾದರೂ, ರಸ್ತೆಗೆ ಡಾಂಬರು ಬೇಕಾದರೂ ಊರಿನ ಪುಢಾರಿಯ ಹತ್ತಿರ ಹೋಗಬೇಕು. ಅವನು ಮೊದಲು ಕೇಳುವುದೇ "ನಿಮ್ಮ ಓಟು ಇಲ್ಲಿ ಉಂಟಲ್ಲ?" ಮುಂಬೈಯಲ್ಲಿ ಎಂಪಿಯ ಹತ್ತಿರ ನನಗೆ ಎಂತ ಕೆಲಸ? ಹೋಟೆಲಿನ ಲೈಸೆನ್ಸ್ ಮಹಾನಗರ ಪಾಲಿಕೆಯದ್ದು, ಅದಕ್ಕೆ ಎಂಪಿ ಬೇಡ.

ಗೋರೆಗಾಂವ್ ಗಿರಾಕಿ:
ಅದೇ ನನ್ನ ಕಥೆಯೂ. 2024ರಲ್ಲಿ ಏಪ್ರಿಲ್ 26ಕ್ಕೆ ಉಡುಪಿ-ಚಿಕ್ಕಮಗಳೂರು ಮತದಾನ, ಮುಂಬೈಯಲ್ಲಿ ಮೇ 20. ಮತ್ಸ್ಯಗಂಧಾ ರೈಲಿನಲ್ಲಿ ಟಿಕೆಟ್ ಸಿಗದೆ ಬಸ್ಸಲ್ಲಿ ಹೋದೆ. ಬಸ್ಸು ತುಂಬ ವೋಟಿಗೆ ಹೊರಟವರೇ. ಬೆಳಿಗ್ಗೆ ಭಟ್ಕಳದ ಹತ್ತಿರ ಚಹಾಕ್ಕೆ ನಿಂತಾಗ ಯಾರ ಟಿಕೆಟ್ ಯಾರು ಮಾಡಿಸಿದ್ದು ಅಂತ ಚರ್ಚೆ. ಕೆಲವರು ಸುಮ್ಮನೆ ನಕ್ಕರು.

ಚೆಂಬೂರು ಮಾಮ:
ನಗುವ ವಿಷಯ ಅಲ್ಲ. ಮತಗಟ್ಟೆಗೆ ಪುಕ್ಕಟೆಯಾಗಿ ಮತದಾರರನ್ನು ಸಾಗಿಸಲು ಅಭ್ಯರ್ಥಿ ಬಾಡಿಗೆ ವಾಹನ ಮಾಡುವುದು 1951ರ ಜನಪ್ರತಿನಿಧಿ ಕಾಯ್ದೆಯಲ್ಲಿ ಭ್ರಷ್ಟ ಆಚರಣೆ. ಸಾಬೀತಾದರೆ ಗೆದ್ದ ಸೀಟೇ ಹೋಗುತ್ತದೆ.

ಡೊಂಬಿವಲಿ ಫಾಸ್ಟ್:
ಸಾಬೀತು ಮಾಡುವವನಿಗೂ ಅದೇ ಬಸ್ಸಲ್ಲಿ ವಾಪಸ್ ಬರಬೇಕಲ್ಲ ಮಾಮ.

ಜೋಗೇಶ್ವರಿ ಅಕ್ಕ:
ಗಿರಾಕಿಯವರೆ, ನೀವು ಗೋರೆಗಾಂವ್ ಅಂದರೆ ವಾಯವ್ಯ ಮುಂಬೈ ಕ್ಷೇತ್ರ. ನನ್ನದೂ ಅದೇ. 2024ರಲ್ಲಿ ಇಲ್ಲಿ ರವೀಂದ್ರ ವಾಯ್ಕರ್ ಅಮೋಲ್ ಕೀರ್ತಿಕರ್ ಎದುರು ಗೆದ್ದದ್ದು ಎಷ್ಟರಿಂದ ಗೊತ್ತಾ? 48 ವೋಟು. ನಲವತ್ತೆಂಟು! ಸಾವಿರ ಅಲ್ಲ, ಬರೇ ನಲವತ್ತೆಂಟು. ನೀವು ಹೋದ ಒಂದು ಬಸ್ಸಿನಲ್ಲಿ ಅಷ್ಟು ಜನ ಇರಲಿಲ್ವಾ? ಯಾರು ಗೆಲ್ಲಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಇಷ್ಟು ಚಿಕ್ಕ ಅಂತರದ ಕ್ಷೇತ್ರದಲ್ಲಿ ಇದ್ದುಕೊಂಡು, ವೋಟನ್ನು ಊರಲ್ಲಿ ಇಟ್ಟು, ಆಮೇಲೆ "ನಮ್ಮನ್ನು ಯಾರೂ ಕೇಳುವುದಿಲ್ಲ" ಅಂತ ಹೇಳಿದರೆ ಹೇಗೆ?

ನಮ್ಮ ಎಂಪಿ ಹತ್ತಿರ ಕೆಲಸ ಇಲ್ಲ ಅಂದರು ಶೆಟ್ರು. ಲೋಕಲ್ ರೈಲು ಯಾರದ್ದು? ಜೋಗೇಶ್ವರಿ ಪ್ಲಾಟ್‌ಫಾರ್ಮಿನಲ್ಲಿ ಬೆಳಿಗ್ಗೆ ಎಂಟೂವರೆಗೆ ನಿಂತು ನೋಡಿ. ಹೆಂಗಸರ ಡಬ್ಬಿಯ ಬಾಗಿಲಲ್ಲಿ ಒಂದು ಕಾಲು ಒಳಗೆ, ಬ್ಯಾಗು ಹೊರಗೆ. ರೈಲು ಕೇಂದ್ರ ಸರಕಾರದ್ದು, ಅದನ್ನು ಕೇಳಬೇಕಾದವರು ಎಂಪಿ. ಊರಿಗೆ ಹೋಗುವ ಮತ್ಸ್ಯಗಂಧಾಕ್ಕೆ ಡಬ್ಬಿ ಜಾಸ್ತಿ ಬೇಕು ಅಂದರೂ ಎಂಪಿಯೇ. ಊರಿನ ಎಂಪಿ ಒಂದು ಕಡೆಯಿಂದ ಕೇಳಿದರೆ ಇಲ್ಲಿಯ ಎಂಪಿಯೂ ಕೇಳುವ ಹಾಗೆ ಮಾಡಬೇಕಾದವರು ನಾವು.

ನಾಲಾಸೋಪಾರಾ ಲೋಕಲ್:
ಅಕ್ಕನಿಗೆ ನೂರು ಅಂಕ.

ಸಾಕಿನಾಕಾ ಶೆಟ್ರು:
ಅಕ್ಕ, ಮಾತು ಸರಿ. ಆದರೆ ಕೆಲಸದ ಹುಡುಗರು? ಹೋಟೆಲಿನ ಮೇಲೆ ಮಲಗುತ್ತಾರೆ, ಎರಡು ವರ್ಷಕ್ಕೊಮ್ಮೆ ಹೋಟೆಲ್ ಬದಲಾಯಿಸುತ್ತಾರೆ. ಅವರಿಗೆ ಇಲ್ಲಿ ವಿಳಾಸ ಯಾರು ಕೊಡುತ್ತಾರೆ? ಈಗ ನಮ್ಮಲ್ಲಿ ಅಡಿಗೆಗೆ ಮಾತ್ರ ಕುಂದಾಪುರದವರು, ಟೇಬಲ್ ಒರೆಸುವವರು, ಪಾತ್ರೆ ತೊಳೆಯುವವರು ಎಲ್ಲ ಬಿಹಾರ, ಒಡಿಶಾ. ಅವರೂ ಇಲ್ಲೇ ಎಣಿಕೆ ಆಗುತ್ತಾರಲ್ಲ? ಹಾಗಾದರೆ ಎಲ್ಲರಿಂದ ಮಹಾರಾಷ್ಟ್ರಕ್ಕೇ ಲಾಭ.

ಕೊತ್ರೂಡ್ ಕನ್ನಡತಿ:
ಶೆಟ್ರು ಹೇಳಿದ್ದರಲ್ಲಿ ದೊಡ್ಡ ವಿಷಯ ಇದೆ. ಉತ್ತರ-ದಕ್ಷಿಣ ಅಂತ ಜಗಳ ಆಡುತ್ತೇವೆ. ಆದರೆ ಬಿಹಾರದ ಹುಡುಗನನ್ನು ಮುಂಬೈಯಲ್ಲಿ ಎಣಿಸುತ್ತಾರೆ, ಅವನ ವೋಟು ಬಿಹಾರದಲ್ಲಿ, ರಜೆ ಸಿಗದೆ ಅವನು ಎಲ್ಲಿಯೂ ವೋಟು ಹಾಕುವುದಿಲ್ಲ. ಅವನಿಂದ ಬಂದ ಸೀಟಿಗೆ ಯಾರೋ ಬೇರೆಯವರು ಆರಿಸಿ ಕಳಿಸುತ್ತಾರೆ.

ಚುನಾವಣಾ ಆಯೋಗ ಇದಕ್ಕೆ ಅಂತಲೇ ಒಂದು ಮೆಷಿನ್ ಮಾಡಿತ್ತು. ದೂರದಲ್ಲಿ ಇದ್ದುಕೊಂಡೇ ಊರಿನ ಕ್ಷೇತ್ರಕ್ಕೆ ವೋಟು ಹಾಕುವುದು. ಒಂದೇ ಮತಗಟ್ಟೆಯಿಂದ 72 ಕ್ಷೇತ್ರದ ತನಕ ನಡೆಸಬಹುದು ಅಂತ 2023ರ ಜನವರಿಯಲ್ಲಿ ಪಕ್ಷಗಳನ್ನು ಕರೆದು ತೋರಿಸಲು ಹೊರಟರು. ಬಹಳಷ್ಟು ವಿರೋಧ ಪಕ್ಷಗಳು ಬೇಡ ಅಂದವು. 2024ಕ್ಕೆ ಅದು ಬರಲಿಲ್ಲ.

ಅಕ್ಕಲಕೋಟೆ ಹುಡುಗ:
ಅದು ಬಂದರೆ ಪರೇಲ್‌ನಲ್ಲಿ ನಿಂತು ಅಕ್ಕಲಕೋಟೆಗೆ ವೋಟು ಒತ್ತಬಹುದು. ಬರಲಿ ಬಿಡ್ರಿ, ಚಲೋ ಆಗುತ್ತದೆ.

ಜೋಗೇಶ್ವರಿ ಅಕ್ಕ:
ನಾನು ಬೇಡ ಅನ್ನುವವಳು. ನಿಮ್ಮ ನೀರು, ರೈಲು, ಮಕ್ಕಳ ಶಾಲೆ ಎಲ್ಲ ಇಲ್ಲಿ. ವೋಟು ಅಲ್ಲಿ ಒತ್ತಿ ಇಲ್ಲಿ ಬಾಡಿಗೆದಾರರ ಹಾಗೆ ಇರುವುದನ್ನು ಸರಕಾರವೇ ಮೆಷಿನ್ ಕೊಟ್ಟು ಗಟ್ಟಿ ಮಾಡಿದ ಹಾಗಾಗುತ್ತದೆ.

ಮಾಟುಂಗಾ ಮಾಣಿ:
ಒಂದು ನಿಮಿಷ. ನನಗೆ ಗೊತ್ತಿರುವ ಒಬ್ಬರು ಎರಡೂ ಕಡೆ ಹೆಸರು ಇಟ್ಟುಕೊಂಡಿದ್ದಾರೆ. ಏಪ್ರಿಲ್‌ನಲ್ಲಿ ಅಲ್ಲಿ, ಮೇ ತಿಂಗಳಲ್ಲಿ ಇಲ್ಲಿ. ಶಾಯಿ ಅಷ್ಟರಲ್ಲಿ ಹೋಗಿರುತ್ತದಂತೆ.

ಚೆಂಬೂರು ಮಾಮ:
ಅವರಿಗೆ ಹೇಳಿ, ಒಂದಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ಹೆಸರು ಇರುವ ಹಾಗಿಲ್ಲ. 1950ರ ಜನಪ್ರತಿನಿಧಿ ಕಾಯ್ದೆಯ 17ನೇ ಕಲಂ. ಸುಳ್ಳು ಘೋಷಣೆ ಕೊಟ್ಟು ಹೆಸರು ಸೇರಿಸಿದರೆ ಒಂದು ವರ್ಷದ ತನಕ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಶೆಟ್ರೆ, ನಿಮಗೂ ಒಂದು. ಅದೇ ಕಾಯ್ದೆಯ 20ನೇ ಕಲಂ ಓದಿ. ಊರಲ್ಲಿ ಮನೆ ಇದೆ ಅಂದ ಮಾತ್ರಕ್ಕೆ ನೀವು ಅಲ್ಲಿಯ ಸಾಮಾನ್ಯ ವಾಸಿ ಆಗುವುದಿಲ್ಲ. ಸ್ವಲ್ಪ ದಿನ ಊರು ಬಿಟ್ಟು ಹೋದರೆ ವಾಸ ತಪ್ಪುವುದಿಲ್ಲ, ಅದು ಬೇರೆ. ನೀವು ಬಿಟ್ಟು ಎಷ್ಟು ವರ್ಷ ಆಯಿತು?

ಸಾಕಿನಾಕಾ ಶೆಟ್ರು:
ಮಾಮ, ಮನಸ್ಸು ಅಲ್ಲೇ ಇದೆಯಲ್ಲ.

ಡೊಂಬಿವಲಿ ಫಾಸ್ಟ್:
ಮನಸ್ಸಿಗೆ ಬೂತ್ ಸ್ಲಿಪ್ ಕೊಡುವುದಿಲ್ಲ ಶೆಟ್ರೆ.

ನಾಲಾಸೋಪಾರಾ ಲೋಕಲ್:
ನನ್ನದೊಂದು ಬೇರೆ ಪ್ರಶ್ನೆ. ನಾಲಾಸೋಪಾರಾ, ವಸಯಿ ಎಲ್ಲ ಪಾಲ್ಘರ್ ಕ್ಷೇತ್ರ. ಅದು ಪರಿಶಿಷ್ಟ ಪಂಗಡಕ್ಕೆ ಮೀಸಲು. ಸ್ಟೇಷನ್ ಸುತ್ತ ಬರೇ ಕಟ್ಟಡಗಳು, ಕಣ್ಣು ಹಾಯಿಸಿದಷ್ಟು ದೂರ ಫ್ಲಾಟು. ಇದು ಯಾವ ಲೆಕ್ಕದಲ್ಲಿ ಮೀಸಲು?

ಲೆಕ್ಕದ ಮೇಷ್ಟ್ರು:
ಕ್ಷೇತ್ರ ಅಂದರೆ ನಿಮ್ಮ ಸ್ಟೇಷನ್ ಮಾತ್ರ ಅಲ್ಲ. ಡಹಾಣು, ವಿಕ್ರಮಗಡ, ಪಾಲ್ಘರ್, ಬೋಯಿಸರ್ ಎಲ್ಲ ಅದರಲ್ಲೇ. ಅಲ್ಲಿ ವಾರ್ಲಿ, ಕೊಂಕಣಾ ಸಮುದಾಯದವರು ತುಂಬಾ ಇದ್ದಾರೆ. ಪರಿಶಿಷ್ಟ ಪಂಗಡದ ಪ್ರಮಾಣ ಜಾಸ್ತಿ ಇರುವ ಕ್ಷೇತ್ರವನ್ನೇ ಮೀಸಲು ಮಾಡುತ್ತಾರೆ. ದೇಶದಲ್ಲಿ ಒಟ್ಟು 84 ಸೀಟು ಪರಿಶಿಷ್ಟ ಜಾತಿಗೆ, 47 ಪಂಗಡಕ್ಕೆ. ಮಹಾರಾಷ್ಟ್ರದಲ್ಲಿ 5 ಮತ್ತು 4. ಕರ್ನಾಟಕದಲ್ಲಿ 5 ಮತ್ತು 2. ನಿಂತುಕೊಳ್ಳುವವರಿಗೆ ಮಾತ್ರ ಮೀಸಲು, ವೋಟು ಎಲ್ಲರದ್ದೂ.

ಕೊತ್ರೂಡ್ ಕನ್ನಡತಿ:
ಪುಣೆಯಲ್ಲೂ ಇದೇ ತಮಾಷೆ. ಊರು ಒಂದೇ, ಎಂಪಿಗಳು ನಾಲ್ಕು. ಕೊತ್ರೂಡ್ ಪುಣೆಗೆ, ಖಡಕ್ವಾಸ್ಲಾ ಬಾರಾಮತಿಗೆ, ಹಡಪ್ಸರ್ ಶಿರೂರಿಗೆ, ಪಿಂಪ್ರಿ-ಚಿಂಚ್ವಡ್ ಮಾವಳಕ್ಕೆ. ರಸ್ತೆಯ ಈ ಬದಿ ಆ ಬದಿ ಬೇರೆ ಬೇರೆ.

ಅದಿರಲಿ. ಇಷ್ಟು ಹೊತ್ತು ಗಂಡಸರೇ ಲೆಕ್ಕ ಹಾಕಿದ್ದೀರಿ, ಹೆಂಗಸರ ಲೆಕ್ಕ ಯಾರೂ ಹೇಳಲಿಲ್ಲ. 2024ರಲ್ಲಿ 543ರಲ್ಲಿ ಗೆದ್ದ ಮಹಿಳೆಯರು 74. 2019ರಲ್ಲಿ 78 ಇದ್ದರು, ಇಳಿಯಿತು. ಕರ್ನಾಟಕದ 28ರಲ್ಲಿ ಮೂವರು: ಶೋಭಾ ಕರಂದ್ಲಾಜೆ, ಪ್ರಭಾ ಮಲ್ಲಿಕಾರ್ಜುನ, ಪ್ರಿಯಾಂಕಾ ಜಾರಕಿಹೊಳಿ. 2023ರ 106ನೇ ತಿದ್ದುಪಡಿಯಲ್ಲಿ ಮೂರನೇ ಒಂದು ಪಾಲು ಅಂತ ಬರೆದರು. ಜೊತೆಗೇ ಜನಗಣತಿ ಆಗಿ ಕ್ಷೇತ್ರಗಳ ಮರುವಿಂಗಡಣೆ ಮುಗಿದ ಮೇಲೆ ಅಂತಲೂ ಬರೆದರು. ಊಟಕ್ಕೆ ಕರೆದು, ಅಕ್ಕಿ ಗದ್ದೆಯಲ್ಲಿದೆ ಅಂದ ಹಾಗೆ.

ವಾಸ್ಕೋ ವಾಸಿ:
ದಕ್ಷಿಣ ಗೋವಾದಲ್ಲಿ 2024ರಲ್ಲಿ ಪಲ್ಲವಿ ಡೆಂಪೊ ನಿಂತಿದ್ದರು, ಸೋತರು. ಎರಡೇ ಸೀಟು ಇರುವಲ್ಲಿ ಮೂರನೇ ಒಂದು ಪಾಲು ಹೇಗೆ ಮಾಡುತ್ತಾರೋ ನೋಡಬೇಕು.

ಮಾಟುಂಗಾ ಮಾಣಿ:
ಒಬ್ಬರು ಎಂಪಿ ಕನ್ನಡದಲ್ಲಿ ಮಾತಾಡಿದರೆ ಅಲ್ಲಿ ಯಾರಿಗಾದರೂ ಅರ್ಥ ಆಗುತ್ತದಾ? ಸುಮ್ನೆ ಕೇಳಿದೆ.

ಚೆಂಬೂರು ಮಾಮ:
ಈಗ ಅನುವಾದಕರು ಇದ್ದಾರೆ, ಕಿವಿಗೆ ಹಾಕಿಕೊಂಡರೆ ಕೇಳುತ್ತದೆ. 1967ರಲ್ಲಿ ಶಿವಮೊಗ್ಗದ ಜೆ.ಎಚ್. ಪಟೇಲರು ಎದ್ದು ನಿಂತು ಕನ್ನಡದಲ್ಲೇ ಶುರು ಮಾಡಿದಾಗ ಅದು ಯಾವುದೂ ಇರಲಿಲ್ಲ. ಲೋಕಸಭೆಯಲ್ಲಿ ಮೊದಲು ಕನ್ನಡ ಕೇಳಿಸಿದವರು ಅವರು.

ಸಾಕಿನಾಕಾ ಶೆಟ್ರು:
ತುಳುವಿನಲ್ಲಿ ಯಾವಾಗ? ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ 22 ಭಾಷೆ, ಕೊಂಕಣಿ 1992ರಲ್ಲೇ ಸೇರಿತು, ನಾವು ಇನ್ನೂ ಹೊರಗೆ ನಿಂತಿದ್ದೇವೆ.

ಡೊಂಬಿವಲಿ ಫಾಸ್ಟ್:
ಅಯ್ಯೋ, ತುಳು ವಿಷಯ ತೆಗೆದರೆ ಇದು ಇನ್ನೂರು ಕಮೆಂಟಿಗೆ ಹೋಗುತ್ತದೆ. ಬೇರೆ ಚರ್ಚೆ ಶುರು ಮಾಡಿ ಶೆಟ್ರೆ.

ನನ್ನ ಪ್ರಶ್ನೆ: ಇಲ್ಲಿಯ ವೋಟರ್ ಆದರೆ ಊರಲ್ಲಿ ಚುನಾವಣೆಗೆ ನಿಲ್ಲಲು ಆಗುವುದಿಲ್ವಾ? ನಮ್ಮ ದಾಯಾದಿ ಒಬ್ಬರಿಗೆ ಆ ಹುಚ್ಚು ಇದೆ.

ಲೆಕ್ಕದ ಮೇಷ್ಟ್ರು:
ಧಾರಾಳ ನಿಲ್ಲಬಹುದು. ಲೋಕಸಭೆಗೆ ದೇಶದ ಯಾವುದೇ ಕ್ಷೇತ್ರದಲ್ಲಿ ಮತದಾರ ಆಗಿದ್ದರೆ ಸಾಕು, 25 ವರ್ಷ ಆಗಿರಬೇಕು. ಒಂದೆರಡು ವಿಶೇಷ ಸೀಟು ಬಿಟ್ಟರೆ ಎಲ್ಲಿ ಬೇಕಾದರೂ ಅರ್ಜಿ ಹಾಕಿ. ಹೀಗಾಗಿಯೇ ಇಂದಿರಾ ಗಾಂಧಿ 1978ರಲ್ಲಿ ಚಿಕ್ಕಮಗಳೂರಿಗೆ, ಸೋನಿಯಾ ಮತ್ತು ಸುಷ್ಮಾ 1999ರಲ್ಲಿ ಬಳ್ಳಾರಿಗೆ ಬಂದದ್ದು. ರಾಜ್ಯಸಭೆಗೆ ಮೊದಲು ಅದೇ ರಾಜ್ಯದ ಮತದಾರ ಆಗಬೇಕಿತ್ತು, 2003ರಲ್ಲಿ ಅದನ್ನೂ ತೆಗೆದರು. ನಿರ್ಮಲಾ ಸೀತಾರಾಮನ್, ಜೈರಾಮ್ ರಮೇಶ್ ಕರ್ನಾಟಕದಿಂದ ಹೋಗಿರುವುದು ಹಾಗೆ. ಕರ್ನಾಟಕದ 12 ರಾಜ್ಯಸಭಾ ಸೀಟಿನಲ್ಲಿ ಹೊರಗಿನವರಿಗೆ ಜಾಗ ಯಾವಾಗಲೂ ಇರುತ್ತದೆ.

ಅಕ್ಕಲಕೋಟೆ ಹುಡುಗ:
ಹೊರಗಿನವರಿಗೆ ಜಾಗ ಇದೆಯಲ್ಲ, ಹಾಗಾದರೆ ಹೊರನಾಡ ಕನ್ನಡಿಗರಿಗೆ ಅಂತ ಒಂದು ಕೊಡಲಿ ನೋಡೋಣ.

ಜೋಗೇಶ್ವರಿ ಅಕ್ಕ:
ಕೊಡುವುದಿಲ್ಲ. ನಮ್ಮ ವೋಟು ಅಲ್ಲಿಯೂ ಅರ್ಧ, ಇಲ್ಲಿಯೂ ಅರ್ಧ ಅಂತ ಅವರಿಗೆ ಗೊತ್ತು. ಸನ್ಮಾನಕ್ಕೆ ಕರೆದರೆ ಬರುತ್ತಾರೆ, ಶಾಲು ಹಾಕಿಸಿಕೊಂಡು ಹೋಗುತ್ತಾರೆ.

ಗೋರೆಗಾಂವ್ ಗಿರಾಕಿ:
ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ 18 ಆಗಿದೆ, ಅವಳದ್ದು ಇಲ್ಲೇ ಫಾರ್ಮ್ 6 (ಹೊಸ ಮತದಾರರದ್ದು) ತುಂಬಿಸುತ್ತೇನೆ. ಹೆಂಡತಿಯೂ ಇಲ್ಲಿಗೆ ತರುತ್ತೇನೆ ಅಂತಿದ್ದಾಳೆ. ನನ್ನದು ಅಮ್ಮ ಇರುವ ತನಕ ಊರಲ್ಲೇ ಇರಲಿ ಅಂತ ಮನಸ್ಸು.

ಜೋಗೇಶ್ವರಿ ಅಕ್ಕ:
ಮೂರರಲ್ಲಿ ಎರಡು ಬಂತು. ಪರವಾಗಿಲ್ಲ.

ನಾಲಾಸೋಪಾರಾ ಲೋಕಲ್:
ಹೆಸರು ಊರಿಂದ ಇಲ್ಲಿಗೆ ತರಲು ಯಾವ ಫಾರ್ಮ್? ನಮ್ಮದು ಬಾಡಿಗೆ ಮನೆ, ಕರೆಂಟ್ ಬಿಲ್ ಮಾಲೀಕರ ಹೆಸರಲ್ಲಿದೆ.

ಕೊತ್ರೂಡ್ ಕನ್ನಡತಿ:
ಫಾರ್ಮ್ 8. ಆನ್‌ಲೈನ್‌ನಲ್ಲೇ ಆಗುತ್ತದೆ. ಮನೆ ಬದಲಾಯಿಸಿದ್ದೇವೆ ಅನ್ನುವುದನ್ನು ಆರಿಸಿ, ಹಳೇ ಕಾರ್ಡಿನ ನಂಬರ್ ಹಾಕಿ. ರಿಜಿಸ್ಟರ್ ಆದ ಲೀವ್ ಅಂಡ್ ಲೈಸೆನ್ಸ್ (ಬಾಡಿಗೆ) ಕರಾರು ಇದ್ದರೆ ವಿಳಾಸಕ್ಕೆ ಅದನ್ನು ಕೊಡಿ. ಆಧಾರ್ ಅಥವಾ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇಲ್ಲಿಯ ವಿಳಾಸ ಇದ್ದರೂ ನಡೆಯುತ್ತದೆ. ಆಮೇಲೆ ಬಿಎಲ್ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೆ ಬಂದಾಗ ಯಾರಾದರೂ ಇರಬೇಕು. ನಮ್ಮಲ್ಲಿ ಮಧ್ಯಾಹ್ನ ಬಂದು ಬೀಗ ನೋಡಿ ಹೋಗಿದ್ದರು, ಪಕ್ಕದ ಮನೆಯವರ ಹತ್ತಿರ ಫೋನ್ ನಂಬರ್ ಕೊಟ್ಟಿಡಿ.

ಸಾಕಿನಾಕಾ ಶೆಟ್ರು:
ಹೋಟೆಲಿನ ಮೇಲಿನ ರೂಮಿನ ಹುಡುಗರಿಗೆ ಆ ಕರಾರು ಮಾಡಿಸಬಹುದಾ? ಮೂರು ಜನ ಕೇಳುತ್ತಿದ್ದಾರೆ.

ಕೊತ್ರೂಡ್ ಕನ್ನಡತಿ:
ಅವರ ಆಧಾರ್‌ನಲ್ಲಿ ಮೊದಲು ಇಲ್ಲಿಯ ವಿಳಾಸ ಮಾಡಿಸಿ ಶೆಟ್ರೆ, ಅದೇ ಸುಲಭ.